ಬರ್ಲಿ, ಬರ್ಲಿ

ಪೆಂಡಾಲದವನು ಟೇಪು ಹಿಡಿದು ಅಂಗಳ ಅಳೆಯಲು ಬಂದದ್ದೇ ಎಲ್ಲ ತಾಪತ್ರಯಕ್ಕೂ ಮೂಲವಾಯಿತು. ಟೇಪಿನ ಒಂದು ತುದಿಯನ್ನು ಗುರುಲಿಂಗನ ಮನೆಯ ಹೊಸ್ತಿಲಿಗೆ ಸಿಕ್ಕಿಸಿ, ಇನ್ನೊಂದನ್ನು ಎಳೆಯುತ್ತ ಹಿಂದು ಹಿಂದಕ್ಕೆ ನಡೆದವನ ಬೆನ್ನಿಗೆ ಏನೋ ತಣ್ಣಗೆ ತಾಗಿತು. ಮೇ ತಿಂಗಳ ಹವಳಗಾದಲ್ಲಿ ಬೆಳಗಿನ ಚಹಾ ಮುಗಿಯುವುದರೊಳಗೆ ಕಲ್ಲು ಕಾದಿರುತ್ತದೆ. ತಣ್ಣಗಿರುವಂಥದ್ದು ಏನೂ ಇರುವುದಿಲ್ಲ. ಅವನು ತಿರುಗಿ ನೋಡಿದ. ಬಿಸಿಲಲ್ಲಿ ನಿಂತಿದ್ದ ಲಾರಿಯ ಮೂತಿ.

“ಅಕ್ಕಾರ, ಇದು ನಾಳೆನೂ ಇಲ್ಲೇ ಇರ್ತದೇನ್ರಿ?”

“ಯಾಕ?” ಎಂದಳು ಗುರುಲಿಂಗನ ಹೆಂಡತಿ ಶಿವಕಾಂತಾ.

“ಇತ್ತಂದ್ರ ಬೀಗರನ್ನ ಇದರ ಮ್ಯಾಲೇ ಹತ್ತಿಸಿ ಕುಂದ್ರಸಬೇಕಾಗ್ತದ.”

ಮರುದಿನ ಮಗಳು ವಿಜಯಶ್ರೀಯ ನಿಶ್ಚಿತಾರ್ಥ. ಬೀಗರು ಆಳಂದದ ಕಡೆಯವರು, ನಾಲ್ಕು ಜೀಪು ತುಂಬಿಕೊಂಡು ಬರುತ್ತೇವೆಂದು ಹೇಳಿ ಕಳಿಸಿದ್ದರು. ಶಿವಕಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾರಿಯನ್ನೊಮ್ಮೆ ನೋಡಿದಳು, ಲಾರಿಯ ಕೆಳಗಿನಿಂದ ಹೊರಚಾಚಿದ್ದ ಗಂಡನ ಕಾಲುಗಳನ್ನೊಮ್ಮೆ ನೋಡಿದಳು. ಎರಡರಲ್ಲಿ ಯಾವುದನ್ನು ಮೊದಲು ಗುಜರಿಗೆ ಹಾಕಬೇಕೆಂದು ಲೆಕ್ಕ ಹಾಕುವವಳಂತಿತ್ತು ಆ ನೋಟ.

“ಹೊರಗ ಬರ್ರಿ.”

“ಡೀಸೆಲ್ ಪೈಪಿನ್ಯಾಗಿಂದು ಗಾಳಿ ತಗ್ಯಾಕತ್ತೇನಿ,” ಎಂದವು ಕಾಲುಗಳು.

“ಹಂಗಾದ್ರ ಅಲ್ಲೇ ಕೇಳ್ಕೋರಿ. ಹೊತ್ತು ಮುಳಗೂದ್ರೊಳಗ ಇದು ತನ್ನ ಗಾಲಿ ಮ್ಯಾಲೆ ತಾನು ಗೇಟ್ ದಾಟಬೇಕು. ದಾಟಲಿಲ್ಲಂದ್ರ ಅಫಜಲಪುರದ ಸಂಜುಕುಮಾರ ಗ್ಯಾಸ್ ಕಟರ್ ತಗೊಂಡು ಬರ್ತಾನ. ಫೋನ್ ಮಾಡಿ ಹೇಳೀನಿ. ತುಂಡ ತುಂಡ ಮಾಡಿ ಟಂಟಂ ಗಾಡ್ಯಾಗ ಹಾಕ್ಕೊಂಡು ಹೋಗ್ತಾನ.”

ಕಾಲುಗಳು ಮಡಚಿಕೊಂಡು ಲಾರಿಯ ಕೆಳಗೆ ಮಾಯವಾದವು.

ಗುರುಲಿಂಗನದು ಊರಿನ ಹಿಟ್ಟಿನ ಗಿರಣಿ. ಜೋಳದ ಹಿಟ್ಟು ಅವನ ಹುಬ್ಬು, ರೆಪ್ಪೆ, ಕಿವಿಯ ಕೂದಲಿನಲ್ಲಿ ಎಷ್ಟು ಖಾಯಂ ಆಗಿ ನೆಲೆಸಿತ್ತೆಂದರೆ, ತಲೆಗೆ ನೀರು ಹಾಕಿಕೊಂಡ ದಿನ ಜನ ಅವನ ಗುರುತು ಸಿಗದೆ ಮುಂದೆ ಹೋಗಿಬಿಡುತ್ತಿದ್ದರು. ಲಾರಿ ಅವನ ಅಪ್ಪನದು. ಈಗಿನ ಚಪ್ಪಟೆ ಮುಖದವಲ್ಲ. ಮುಂದಕ್ಕೆ ಉದ್ದನೆಯ ಮೂತಿ, ಎರಡು ಕಡೆ ರೆಕ್ಕೆಯಂತೆ ತೆರೆಯುವ ಬಾನೆಟ್ಟು, ಕಪ್ಪೆಗಣ್ಣಿನಂಥ ದೀಪಗಳು. ಒಂದು ಕಾಲಕ್ಕೆ ತೊಗರಿ, ಹತ್ತಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗಿಬರುತ್ತಿತ್ತು. ಒಂದು ಮಳೆಗಾಲ ಅಂಗಳಕ್ಕೆ ಬಂದು ನಿಂತದ್ದು ಮತ್ತೆ ಹೊರಡಲೇ ಇಲ್ಲ. ಯಾಕೆಂದು ಅಪ್ಪ ಯಾರಿಗೂ ಹೇಳಲಿಲ್ಲ, ಮಾರಲೂ ಇಲ್ಲ.

ಆಗ ಗುರುಲಿಂಗ ಚಡ್ಡಿ ಹಾಕುತ್ತಿದ್ದ. ಡ್ರೈವರ್ ಭೀಮಶಾನ ಬಳಿ ಹೋಗಿ, “ಕಾಕಾ, ಒಮ್ಮೆ ಸ್ಟೇರಿಂಗ್ ಹಿಡೀಲೇನು?” ಎಂದು ಕೇಳಿದರೆ ಭೀಮಶಾ ಮೀಸೆಯೊಳಗೇ ನಕ್ಕು “ನಾಳೆ” ಎನ್ನುತ್ತಿದ್ದ. ಆ ನಾಳೆಗಾಗಿ ಗುರುಲಿಂಗ ಹಿಟ್ಟಿಲ್ಲದೆಯೂ ತಲೆ ಬೆಳ್ಳಗಾಗುವ ತನಕ ಕಾದ. ಕೊನೆಗೆ ತಾನೇ ಲಾರಿಯನ್ನು ಎಬ್ಬಿಸುವುದೆಂದು ಹೊರಟ. ಗಿರಣಿ ಮುಚ್ಚಿದ ಮೇಲಿನ ಹೊತ್ತೆಲ್ಲ ಅದರ ಹೊಟ್ಟೆಯೊಳಗೇ ಕಳೆಯಿತು. ಪಿಸ್ಟನ್ ರಿಂಗು ಸೊಲ್ಲಾಪುರದಿಂದ ಬಂತು, ರೇಡಿಯೇಟರು ಆಳಂದದ ಗುಜರಿಯಿಂದ, ಹಾರ್ನಿನ ರಬ್ಬರು ಚೆಂಡು ಜೇವರ್ಗಿಯ ಬ್ಯಾಂಡ್ ಬಾಜಾದವನೊಬ್ಬನಿಂದ. ಹಿಂದಿನ ಹಲಗೆಯ ಮೇಲೆ ತಾನೇ ಕೂತು ನವಿಲು ಬರೆದಿದ್ದ. ನೋಡಿದವರೆಲ್ಲ ಕೋಳಿ ಚಂದ ಬಂದಿದೆ ಎಂದಿದ್ದರು.

ಅವನಿಗೆ ಬೇಕಾಗಿದ್ದು ಇಷ್ಟೇ. ಒಮ್ಮೆ ಆ ಸೀಟಿನಲ್ಲಿ ಕೂತು, ಲಾರಿಯನ್ನು ಗೇಟು ದಾಟಿಸಿ, ಅಫಜಲಪುರದ ರಸ್ತೆಗೆ ಬಿಡಬೇಕು. ಅದಕ್ಕೀಗ ಸಂಜೆಯವರೆಗೆ ಮಾತ್ರ ಹೊತ್ತಿತ್ತು.

ಬಿಸಿಲು ಏರಿತು. ಬೀದಿ ಖಾಲಿಯಾಯಿತು. ನಾಯಿಗಳು ಕೂಡ ಬೊಗಳುವುದನ್ನು ಮುಂದಕ್ಕೆ ಹಾಕಿ ಗಟಾರದ ತಂಪಿನಲ್ಲಿ ಮಲಗಿದ್ದವು. ಲಾರಿಯ ಕೆಳಗೆ ಅಂಗಾತ ಮಲಗಿದ್ದ ಗುರುಲಿಂಗನಿಗೆ ಎಡಗಡೆ ಯಾರೋ ಬಂದು ನಿಂತದ್ದು ಕಂಡಿತು. ಬರಿಗಾಲು, ಸವೆದ ಹಿಮ್ಮಡಿ. ಹೊತ್ತುಗೊತ್ತಿಲ್ಲದೆ ಬಂದು ನಿಲ್ಲುವವರೆಂದರೆ ಎದುರು ಮನೆಯ ಜಗದೇವಪ್ಪನೇ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಕಾಟಾ ನೋಡುತ್ತಿದ್ದು ನಿವೃತ್ತರಾದ ಮನುಷ್ಯ. ಈಗ ತೂಗಲು ಕಬ್ಬಿಲ್ಲದೆ ಓಣಿಯವರನ್ನು ತೂಗುತ್ತಿದ್ದರು.

“ಜಗದೇವಪ್ಪನೋರ, ಜರಾ ಆ ಸಣ್ಣ ಸ್ಪ್ಯಾನರ್ ಕೊಡ್ರಿ.”

ಸ್ಪ್ಯಾನರು ಬಂತು. ಕೇಳಿದ್ದಲ್ಲ, ಅದರ ಪಕ್ಕದ್ದು. ಬೇಕಾಗಿದ್ದದ್ದು ಅದೇ ಎಂದು ನಟ್ಟಿಗೆ ಹಾಕಿದ ಮೇಲೆ ಗೊತ್ತಾಯಿತು. ಗುರುಲಿಂಗ ಬಿಗಿ ಮಾಡಿ ಮುಗಿಸಿದ. ಅಷ್ಟರಲ್ಲಿ ಮೇಲೆ ಲಾರಿಯ ಪಕ್ಕೆಗೆ ಯಾರೋ ಅಂಗೈಯಿಂದ ಎರಡು ಸಲ ಬಡಿದರು. ಧಪ್, ಧಪ್.

ಲಾರಿಯ ಸಂಗತಿ ಗೊತ್ತಿದ್ದವರಿಗೆ ಅದರ ಅರ್ಥ ಗೊತ್ತು. ಕ್ಲೀನರ್ ಪಕ್ಕೆಗೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು. ಡ್ರೈವರನ ಕಣ್ಣು ಮುಂದಿರುತ್ತದೆ. ಹಿಂದಿನ ಲೋಕವೆಲ್ಲ ಆ ಅಂಗೈಯ ಜವಾಬ್ದಾರಿ.

“ಇನ್ನ ತಡೀರಿ, ಹೊರಡಾಕ ಟೈಮ್ ಅದ,” ಎಂದು ನಗುತ್ತ ಗುರುಲಿಂಗ ತೆವಳಿಕೊಂಡು ಹೊರಬಂದ.

ಅಂಗಳದಲ್ಲಿ ಯಾರೂ ಇರಲಿಲ್ಲ. ಜಗದೇವಪ್ಪ ಬೀದಿಯ ಆಚೆ ತಮ್ಮ ಕಟ್ಟೆಯ ಮೇಲೆ ಪೇಪರಿನಿಂದ ಮುಖ ಮುಚ್ಚಿಕೊಂಡು ಮಲಗಿದ್ದರು. ಲಾರಿಯ ಎಡಕ್ಕೆ ಕಾದ ಶಹಾಬಾದಿ ಕಲ್ಲಿನ ಮೇಲೆ ಎರಡು ಒದ್ದೆ ಹೆಜ್ಜೆಗಳಿದ್ದವು. ಅವನು ನೋಡುತ್ತಿದ್ದಂತೆ ಅವು ಅಂಚಿನಿಂದ ಒಣಗುತ್ತ ಬಂದು, ಕೊನೆಗೆ ಹೆಬ್ಬೆರಳಷ್ಟೇ ಉಳಿದು, ಅದೂ ಹೋಯಿತು.

ಗುರುಲಿಂಗ ನೀರು ಕುಡಿದು ಬಂದ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡ. ಹಾಗೆಂದುಕೊಂಡರೆ ಕೆಲಸ ಮುಂದುವರಿಸಬಹುದಿತ್ತು.

ಕ್ಯಾಬಿನ್ ಹತ್ತಿ ಸೆಲ್ಫ್ ಒತ್ತಿದ. ಲಾರಿ ಮುದುಕನಂತೆ ಕೆಮ್ಮಿತು, ಕಫ ಉಗುಳುವಂತೆ ಕರಿ ಹೊಗೆ ಉಗುಳಿತು, ಮತ್ತೆ ಮೈ ನಡುಗಿಸಿ ಎದ್ದೇಬಿಟ್ಟಿತು. ನಲವತ್ತು ವರ್ಷ ಸುಮ್ಮನಿದ್ದ ಇಂಜಿನ್ನು! ಗುರುಲಿಂಗನ ಕಣ್ಣಲ್ಲಿ ನೀರು ಬಂದು ರೆಪ್ಪೆಯ ಹಿಟ್ಟು ಕಣಕವಾಯಿತು. ಶಿವಕಾಂತಾ ಲಟ್ಟಣಿಗೆ ಹಿಡಿದೇ ಹೊರಗೋಡಿ ಬಂದಳು. ಜಗದೇವಪ್ಪನ ಮುಖದ ಮೇಲಿನ ಪೇಪರು ಹಾರಿತು.

ಆಗ ಪಕ್ಕೆಗೆ ಒಂದು ಏಟು ಬಿತ್ತು. ಧಪ್.

ಇಂಜಿನ್ನು ನಿಂತಿತು.

ಮತ್ತೆ ಒತ್ತಿದ. ಎದ್ದಿತು. ಧಪ್. ನಿಂತಿತು.

“ಗುರೂ,” ಎಂದು ಜಗದೇವಪ್ಪ ಬೀದಿ ದಾಟಿ ಗೇಟಿನೊಳಗೆ ಬಂದರು. “ಇಂಜಿನ್ ಚಂದ ಎದ್ದದಪಾ. ಮತ್ತ ಆ ಕಡೆ ಕುಂತಾಂವ ಯಾರು?”

“ಯಾವ ಕಡೆ?”

“ಎಡಕ್ಕ. ಕಿಟಕ್ಯಾಗ ಮೊಣಕೈ ಇಟ್ಟು ಕುಂತಿದ್ದ. ನಾ ನಮಸ್ಕಾರ ಮಾಡ್ದೆ, ಅಂವ ಬೀಡಿ ಎತ್ತಿ ತೋರ್ಸಿದ. ನಿಮ್ಮ ಬೀಗರ ಕಡೆಯಾಂವ ಅಂದ್ಕೊಂಡೆ.”

ಗುರುಲಿಂಗ ಎಡಗಡೆಯ ಸೀಟು ನೋಡಿದ. ಹೊಸ ರೆಕ್ಸಿನ್ನಿನ ಮೇಲೆ ನೀರಿನ ಹನಿಗಳಿದ್ದವು. ಅವನು ಕ್ಯಾಬಿನ್ನಿನಿಂದ ಇಳಿಯಲಿಲ್ಲ, ಬಿದ್ದ.

ಸುದ್ದಿ ಓಣಿ ತುಂಬ ಹರಡಲು ಜಗದೇವಪ್ಪನ ಗಂಟಲೊಂದೇ ಸಾಕಾಯಿತು. ಜನ ಊಟದ ತಾಟು ಹಿಡಿದುಕೊಂಡೇ ಬಂದರು. ಅಜೀಜಾಬಿಯನ್ನು ಕರೆಸಿದರು. ಓಣಿಯಲ್ಲಿ ಕೂಸಿಗೆ ದೃಷ್ಟಿಯಾಗಲಿ, ಎಮ್ಮೆ ಹಾಲು ಬಿಡದಿರಲಿ, ಬೋರ್‌ವೆಲ್ಲಿನ ಮೋಟಾರು ಸುಡಲಿ, ಲೋಬಾನ ಹಾಕಲು ಬರುತ್ತಿದ್ದವಳು ಆ ಮುದುಕಿ. ಹೊಗೆಯ ತಟ್ಟೆಯೊಂದಿಗೆ ಲಾರಿಯನ್ನು ಒಂದು ಸುತ್ತು ಬಂದು, ಮೂತಿಯ ಮೇಲೆ ಕೈಯಿಟ್ಟು ತಟ್ಟನೆ ಹಿಂದೆಗೆದಳು.

“ಯಾ ಅಲ್ಲಾ, ಥಂಡಾ ಅದ. ಒಳಗ ಒಬ್ಬಾಂವ ಇದ್ದಾನ, ಬೇಟಾ. ಬಾಳ ದಿನದಿಂದ ಕುಂತಾನ.”

“ಯಾರು?” ಎಂದ ಗುರುಲಿಂಗ.

“ಲಾರಿ ಒಳಗ ಯಾರಿರ್ತಾರ? ಡ್ರೈವರ್ ಇರ್ತಾನ.”

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಡ್ರೈವರ್ ಭೀಮಶಾ ಲಾರಿ ನಿಂತ ವರ್ಷವೇ ಊರು ಬಿಟ್ಟು ಹೋಗಿದ್ದ, ಆಮೇಲೆ ಯಾರೂ ಅವನನ್ನು ಕಂಡಿರಲಿಲ್ಲ, ಎಂದಮೇಲೆ ಸತ್ತಿರಲೇಬೇಕು.

ಶಿವಕಾಂತಾ ಹೆದರಿದವರ ಪೈಕಿ ಅಲ್ಲ. ಅವಳ ತಲೆಯಲ್ಲಿ ಪೆಂಡಾಲವೊಂದೇ ಇತ್ತು. “ದೆವ್ವಾದ್ರೇನು, ಮಂದಿ ಆದ್ರೇನು, ಲಾರಿ ಹೊರಗ ಬಿಟ್ರ ಸಾಕು,” ಎಂದು ಒಳಗೆ ಹೋಗಿ ಬಸಿಯಲ್ಲಿ ಚಹಾ ತಂದಳು. “ಮರ್ಯಾದಿ ಕೊಟ್ಟು ಕೇಳ್ರಿ. ಡ್ರೈವರ್ ಮಂದಿಗೆ ಮರ್ಯಾದಿ ಅಂದ್ರ ಪ್ರಾಣ.”

ಮರ್ಯಾದೆಯ ವ್ಯವಸ್ಥೆಯಾಯಿತು. ಸ್ಟೇರಿಂಗ್ ಹಿಂದಿನ ಸೀಟಿಗೆ ಜಮಖಾನೆ ಹಾಸಿದರು. ಅದರ ಮೇಲೆ ಚಹಾ, ಒಂದು ಕಟ್ಟು ಬೀಡಿ, ಎಲೆಯಡಿಕೆ. ಜಗದೇವಪ್ಪ ಬಾಗಿಲ ಬಳಿ ನಿಂತು ಮದುವೆ ಮನೆಯಲ್ಲಿ ಹಿರಿಯರನ್ನು ಕರೆಯುವ ದನಿಯಲ್ಲಿ, “ಡ್ರೈವರ್ ಸಾಹೇಬ್ರ, ಇತ್ತಾಗ ಬರ್ರಿ. ಎಡಕ್ಯಾಕ ಕುಂತೀರಿ, ನಿಮ್ಮ ಜಾಗಾ ಇದು,” ಎಂದರು.

ಕ್ಯಾಬಿನ್ನಿನಲ್ಲಿ ಸೀಟಿನ ಸ್ಪ್ರಿಂಗು ಒಮ್ಮೆ ಎಡಕ್ಕೆ ಕಿರುಗುಟ್ಟಿತು, ಸ್ವಲ್ಪ ಹೊತ್ತು ಅನುಮಾನಿಸಿದಂತೆ ಸುಮ್ಮನಾಯಿತು, ಆಮೇಲೆ ಬಲಕ್ಕೆ ಕಿರುಗುಟ್ಟಿತು. ಜಮಖಾನೆಯ ಮೇಲೆ ಒದ್ದೆಯ ಕಲೆಯೊಂದು ನಿಧಾನವಾಗಿ ಅಗಲವಾಯಿತು. ನೋಡನೋಡುತ್ತಿದ್ದಂತೆ ಬಸಿಯಲ್ಲಿನ ಚಹಾ ಇಳಿಯಿತು. ಕೊನೆಯ ಗುಟುಕಿಗೆ ಸೊರ್‍ರನೆ ಸದ್ದೂ ಬಂತು.

“ಸಕ್ಕರಿ ಕಮ್ಮಿ ಆಗಿಲ್ಲಲ್ರಿ?” ಎಂದಳು ಶಿವಕಾಂತಾ, ರೂಢಿಯ ಮೇಲೆ.

ಅಷ್ಟು ಮರ್ಯಾದೆ ತೆಗೆದುಕೊಂಡರೂ ಸಾಹೇಬರು ಸೋಲಲಿಲ್ಲ. ಗುರುಲಿಂಗ ಸೀಟಿನ ತುದಿಗೆ ಅರ್ಧ ಕೂತು ಸೆಲ್ಫ್ ಒತ್ತಿದಾಗೆಲ್ಲ ಇಂಜಿನ್ನು ಏಳುತ್ತಿತ್ತು, ಮರುಕ್ಷಣ ಪಕ್ಕೆಗೆ ಒಂದು ಏಟು, ನಿಲ್ಲುತ್ತಿತ್ತು. ಗಂಡಸರು ತಲೆಗೊಂದು ಸಲಹೆ ಕೊಟ್ಟರು. ಒಬ್ಬ ನಿಂಬೆಹಣ್ಣು ಎಂದ, ಒಬ್ಬ ಕೋಳಿ ಎಂದ. ಲಿಂಗ ಕಟ್ಟಿದವರ ಅಂಗಳದಲ್ಲಿ ಕೋಳಿಯ ಮಾತೆತ್ತಿದ್ದಕ್ಕೆ ಅವನ ಮೇಲೆ ಜಗದೇವಪ್ಪ ರೇಗಿದರು, ಅವನು ಹಿಂದಿನ ಹಲಗೆ ತೋರಿಸಿ, “ಮತ್ತ ಅಲ್ಲಿ ಬರ್ದೀರಲ್ಲ?” ಎಂದ. ಜಗಳ ನವಿಲಿನ ಕಡೆಗೆ ತಿರುಗಿತು. ಹೊತ್ತು ಇಳಿಯತೊಡಗಿತು.

ಕೊನೆಗೆ ಶಿವಕಾಂತಾ ಫೋನು ತೆಗೆದಳು. ಭೀಮಶಾನ ಊರು ಜೇವರ್ಗಿ ತಾಲೂಕಿನ ಕೊಳಕೂರ. ಅಲ್ಲಿ ಅವಳ ತವರಿನ ಪರಿಚಯದವರಿದ್ದರು. ಅವರ ಮೂಲಕ ಭೀಮಶಾನ ಮನೆಯ ನಂಬರು ಸಿಕ್ಕಿತು. ಸತ್ತವನಿಗೆ ಬದುಕಿದ್ದಾಗ ಏನು ಇಷ್ಟವಿತ್ತೆಂದು ಮನೆಯವರನ್ನು ಕೇಳುವುದು ಅವಳ ಉದ್ದೇಶ. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

“ಹಲೋ, ಭೀಮಶಾ ಡ್ರೈವರ್ ಮನಿಯೇನ್ರಿ? ನಾವು ಹವಳಗಾದಿಂದ. ಅವರು ಇದ್ದಾಗ ಏನು ಬಾಳ ಇಷ್ಟಪಟ್ಟು ತಿಂತಿದ್ರು, ಜರಾ ಹೇಳ್ತೀರೇನು?”

“ಇದ್ದಾಗ ಅಂದ್ರ?” ಎಂದಿತು ಗೊರಗೊರ ದನಿ. “ನಾನಽ ಭೀಮಶಾ. ಈಗರ ಉಪ್ಪಿಟ್ಟು ತಿನ್ನಾಕತ್ತೇನಿ.”

ಅಂಗಳದಲ್ಲಿ ಎಲ್ಲರೂ ಮೊದಲು ಫೋನು ನೋಡಿದರು. ಆಮೇಲೆ ಲಾರಿ ನೋಡಿದರು. ಆಮೇಲೆ, ಒಬ್ಬೊಬ್ಬರಾಗಿ, ಖಾಲಿ ಬಸಿ ನೋಡಿದರು.

ತನ್ನನ್ನು ಸಾಯಿಸಿ ತನ್ನ ಹೆಸರಿನ ಚಹಾವನ್ನು ಇನ್ಯಾರಿಗೋ ಕುಡಿಸಿದ್ದಾರೆಂದು ತಿಳಿದು ಭೀಮಶಾ ಸುಮ್ಮನೆ ಕೂರುವ ಮನುಷ್ಯನಾಗಿರಲಿಲ್ಲ. ಮೊಮ್ಮಗನ ಬೈಕಿನ ಹಿಂದೆ ಕೂತು ಇಳಿಹೊತ್ತಿಗೆ ಬಂದಿಳಿದ. ಮೀಸೆ ಬೆಳ್ಳಗಾಗಿತ್ತು, ಸಿಟ್ಟು ಮಾತ್ರ ಕರ್ರಗೇ ಉಳಿದಿತ್ತು.

“ಯಾಂವಲೇ ಅಂವ, ನನ್ನ ಸೀಟಿನ್ಯಾಗ ಕುಂತಾಂವ?”

“ನೀವು ಅಂತ ತಿಳದು ನಾವಽ ಕುಂದ್ರಿಸೀವ್ರಿ,” ಎಂದರು ಜಗದೇವಪ್ಪ. “ಮೊದಲು ಎಡಕ್ಕ ಕುಂತಿದ್ದ.”

“ಎಡಕ್ಕ?”

“ಹೌದ್ರಿ.”

“ಎಡಕ್ಕ ಡ್ರೈವರ್ ಕುಂದ್ರತಾನೇನ್ರಿ? ಇಷ್ಟು ಮಂದ್ಯಾಗ ಒಬ್ಬರೂ ಲಾರಿ ಹತ್ತಿಲ್ಲೇನು?” ಎಂದು ಬೈಯಲು ಶುರು ಮಾಡಿದ ಭೀಮಶಾ ಅರ್ಧದಲ್ಲೇ ನಿಂತ. ಲಾರಿಯ ಬಾಗಿಲಿನ ಕೆಳಗಿನ ಕಲ್ಲಿನ ಮೇಲೆ ಒದ್ದೆಯ ಹೆಜ್ಜೆಯೊಂದು ಮೂಡಿ ಆರುತ್ತಿತ್ತು. ಮುದುಕ ಅದನ್ನೇ ನೋಡುತ್ತ ಬೈಕಿನ ಸೀಟಿಗೆ ಕೈ ಊರಿದ.

“ಮಾಳಿಂಗ,” ಎಂದ. “ನನ್ನ ಕ್ಲೀನರ್.”

ಹೇಳಲು ಹೆಚ್ಚೇನೂ ಇರಲಿಲ್ಲ. ಮಾಳಿಂಗ ಹುಡುಗನಾಗಿದ್ದಾಗಿನಿಂದ ಲಾರಿಯ ಮೇಲಿದ್ದ, ಮೀಸೆ ಬಂದರೂ ಕ್ಲೀನರನೇ. “ದಿನಾ ಕೇಳ್ತಿದ್ದ, ‘ಅಣ್ಣಾ, ಒಮ್ಮೆ ಸ್ಟೇರಿಂಗ್ ಕೊಡು’ ಅಂತ. ನಾಳೆ ಅಂತಿದ್ದೆ. ಆ ಮಳಿಗಾಲ ಲಾರಿ ತೊಳ್ಯಾಕ ಭೀಮಾ ಹೊಳಿ ದಂಡಿಗೆ ಇಳಿದ. ‘ಅಣ್ಣಾ, ಕನ್ನಡಿ ಹಂಗ ತೊಳೀತೀನಿ, ಇವತ್ತರ ಕೊಡ್ತಿಯೇನು’ ಅಂದ. ನಾಳೆ ಅಂದೆ. ಮ್ಯಾಲಿಂದ ನೀರು ಬಂತು.” ಭೀಮಶಾ ಮೂಗು ಒರೆಸಿಕೊಂಡ. “ನಿಮ್ಮಪ್ಪ ಲಾರಿ ನಿಲ್ಲಿಸಿಬಿಟ್ಟ. ನಾ ಆವತ್ತಿನಿಂದ ಸೈಕಲ್ ಸುದ್ದಾ ಹೊಡದಿಲ್ಲ.”

ಗುರುಲಿಂಗ ಕ್ಯಾಬಿನ್ನಿನ ಕಡೆ ನೋಡಿದ. ‘ನಾಳೆ’ಗಾಗಿ ಕಾದವರು ಈ ಅಂಗಳದಲ್ಲಿ ಇಬ್ಬರಿದ್ದರು.

ಅಷ್ಟರಲ್ಲಿ ಗೇಟಿನ ಬಳಿ ಟಂಟಂ ಬಂದು ನಿಂತಿತು. ಸಂಜುಕುಮಾರ ಗ್ಯಾಸಿನ ಸಿಲಿಂಡರು ಇಳಿಸಿ, ಕಪ್ಪು ಕನ್ನಡಕ ಹಣೆಗೇರಿಸಿ, “ಎಲ್ಲಿಂದ ಶುರು ಮಾಡ್ಲಿ, ಅಕ್ಕಾರ? ಮೂತಿಯಿಂದೋ, ಹಿಂದಿಂದೋ?” ಎಂದ. ಕಟರಿನ ತುದಿಯಲ್ಲಿ ನೀಲಿ ಬೆಂಕಿ ಹಾವಿನ ನಾಲಗೆಯಂತೆ ಆಡಿತು.

“ತಡೀಲೇ!” ಎಂದು ಗುರುಲಿಂಗ ಲಾರಿಯ ಮೂತಿಗೆ ಅಡ್ಡ ನಿಂತ. “ಹೊತ್ತು ಇನ್ನ ಮುಳಗಿಲ್ಲ.”

ಸೂರ್ಯ ಕಬ್ಬಿನ ಗದ್ದೆಗಳ ಮೇಲೆ ಒಂದು ಮೊಳದಷ್ಟು ಎತ್ತರದಲ್ಲಿದ್ದ.

“ಬೇಡ್ಕೋರಿ,” ಎಂದಳು ಶಿವಕಾಂತಾ ಗಂಡನ ಕಿವಿಯಲ್ಲಿ. ಎಷ್ಟಾದರೂ ಅವಳಿಗೂ ಅವನ ಮುಖ ನೋಡಲಾಗುತ್ತಿರಲಿಲ್ಲ. “ದೇವರಿಗೆ ಬೇಡ್ಕೊಂಡಂಗ ಅಂವಗೂ ಬೇಡ್ಕೋರಿ. ಏನರ ಕೊಡ್ತೀನನ್ರಿ.”

ಗುರುಲಿಂಗ ಕೈಮುಗಿದ. ದೇವರಿಗೆ ಹರಕೆ ಹೊರುವಾಗ ಮನುಷ್ಯ ತೀರಿಸುವ ದಿನದ ಬಗ್ಗೆ ಯೋಚಿಸುವುದಿಲ್ಲ, ಅವನೂ ಯೋಚಿಸಲಿಲ್ಲ. “ಮಾಳಿಂಗಣ್ಣಾ, ಇದೊಂದು ಸಲ ಗೇಟ್ ದಾಟಿಸಿ ಕೊಡು. ದಾಟಿತಂದ್ರ ಸ್ಟೇರಿಂಗ್ ನಿಂದಽ. ನಾಳೆ ಅಲ್ಲ, ಇವತ್ತಽ. ನಮ್ಮಪ್ಪನ ಆಣಿ.”

ಸ್ಪ್ರಿಂಗು ಕಿರುಗುಟ್ಟಿತು. ಕ್ಯಾಬಿನ್ನಿನಿಂದ ಯಾರೋ ಧಪ್ಪನೆ ಕೆಳಗೆ ಹಾರಿದರು. ಒದ್ದೆ ಹೆಜ್ಜೆಗಳು ಒಂದರ ಮುಂದೊಂದು ಮೂಡುತ್ತ ಲಾರಿಯ ಹಿಂಬದಿಗೆ ಹೋದವು. ಜನ ದಾರಿ ಬಿಟ್ಟರು. ಮುಖ್ಯಮಂತ್ರಿ ಬಂದರೂ ಹವಳಗಾದ ಜನ ಅಷ್ಟು ಶಿಸ್ತಿನಿಂದ ದಾರಿ ಬಿಡುತ್ತಿರಲಿಲ್ಲ.

ಧಪ್, ಧಪ್.

ಗುರುಲಿಂಗ ಕ್ಯಾಬಿನ್ ಹತ್ತಿ, ಒದ್ದೆಯಾದ ಜಮಖಾನೆಯ ಮೇಲೆಯೇ ಕೂತು, ಸೆಲ್ಫ್ ಒತ್ತಿದ. ಇಂಜಿನ್ನು ಎದ್ದಿತು. ಈ ಸಲ ನಿಲ್ಲಲಿಲ್ಲ.

ಲಾರಿಯ ಮೂತಿ ಮನೆಯ ಕಡೆಗಿತ್ತು, ಬೆನ್ನು ಗೇಟಿನ ಕಡೆಗೆ. ಹಿಂದಕ್ಕೇ ಹೋಗಬೇಕಿತ್ತು. ಗುರುಲಿಂಗ ಟ್ರ್ಯಾಕ್ಟರು ಓಡಿಸಿದ್ದನೇ ಹೊರತು ಇಂಥದ್ದನ್ನಲ್ಲ. ಕನ್ನಡಿಯಲ್ಲಿ ಇಡೀ ಓಣಿ ಕೈ ಬೀಸುತ್ತಿತ್ತು. “ಎಡಕ್ಕ ಕಟ್ ಮಾಡು!” ಎಂದು ಒಬ್ಬ, “ಬಲಕ್ಕೋ, ಬಲಕ್ಕ!” ಎಂದು ಇನ್ನೊಬ್ಬ. ಜಗದೇವಪ್ಪ ಎರಡು ಕೈಗಳನ್ನೂ ಎರಡು ಕಡೆಗೆ ಬೀಸುತ್ತಿದ್ದರು. ಭೀಮಶಾ, “ಸುಮ್ನಿರ್ರಿ ಎಲ್ಲಾರೂ! ಕ್ಲೀನರ್ ಮಾತು ಒಬ್ಬಂದಽ ಕೇಳಬೇಕು,” ಎಂದು ಗದರಿದ.

ಎಲ್ಲರೂ ಸುಮ್ಮನಾದರು. ಆಗ ಆ ದನಿ ಕೇಳಿಸಿತು. ಹಿಂದಿನಿಂದ, ಸ್ವಲ್ಪ ದೂರದಿಂದ, ಬಾಯಲ್ಲಿ ನೀರು ತುಂಬಿಕೊಂಡವನ ದನಿ.

“ಬರ್ಲಿ… ಬರ್ಲಿ… ಬರ್ಲಿ…”

ಗುರುಲಿಂಗ ಕ್ಲಚ್ ಬಿಟ್ಟ. ಭಯದಲ್ಲಿ ಇಂಥ ಸಮಾಧಾನವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ದನಿ ಸ್ವಲ್ಪ ಎಡಕ್ಕೆ ಎಂದಾಗ ಕೈ ತಾನಾಗಿಯೇ ತಿರುಗುತ್ತಿತ್ತು, ಸೀದಾ ಎಂದಾಗ ಸೀದಾ. ಗೇಟಿನ ಎರಡು ಕಂಬಗಳು ಲಾರಿಯ ಎರಡು ಪಕ್ಕೆಗಳನ್ನು ಒಂದೊಂದು ಬೆರಳಿನ ಅಂತರದಲ್ಲಿ ಸವರಿ ಹೋದವು. ನವಿಲು ಗೇಟು ದಾಟಿತು. ಹಿಂದಿನ ಗಾಲಿ ದಾಟಿತು. ಮೂತಿ ದಾಟಿತು. ಜನ ಹೋ ಎಂದು ಕೂಗಿದರು. ಅಂಗಳದಲ್ಲಿ ಶಿವಕಾಂತಾ ಲಟ್ಟಣಿಗೆ ಎತ್ತಿ ಬೀಸಿದಳು. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ.

ಜನ ಇನ್ನೂ ಜೋರಾಗಿ ಕೂಗಿದರು. ಅದು ಖುಷಿಯ ಕೂಗಲ್ಲವೆಂದು ಗುರುಲಿಂಗನಿಗೆ ಗೊತ್ತಾಗಲಿಲ್ಲ. ಕ್ಲೀನರನ ಮಾತು ಒಬ್ಬನದೇ ಕೇಳಬೇಕು.

“ಬರ್ಲಿ… ಬರ್ಲಿ… ಮಸ್ತ್ ಜಾಗಾ ಅದ, ಬರ್ಲಿ…”

ಬೀದಿ ಮುಗಿಯಿತು. ಜಗದೇವಪ್ಪನ ಕಟ್ಟೆ ಸಿಕ್ಕಿತು, ಲಾರಿ ಅದನ್ನು ಮೆಟ್ಟಿಲಿನಂತೆ ಹತ್ತಿತು. ಆಮೇಲೆ ಜಗದೇವಪ್ಪನ ಗೋಡೆ, ಜಗದೇವಪ್ಪನ ಪಡಸಾಲೆ, ಜಗದೇವಪ್ಪನಿಗೆ ಕಾರ್ಖಾನೆಯವರು ಕೊಟ್ಟ ಗೋಡೆ ಗಡಿಯಾರ, ಸೋಫಾ, ಟಿವಿ. ಇಟ್ಟಿಗೆಯ ಧೂಳು ಕೆಂಪು ಮೋಡದಂತೆ ಎದ್ದು ಇಡೀ ಓಣಿಯನ್ನು ನುಂಗಿತು.

ಧಪ್.

ಇಂಜಿನ್ನು ನಿಂತಿತು. ಪಡಸಾಲೆಯ ನಟ್ಟನಡುವೆ, ಎರಡೂ ಕಡೆ ಸಮನಾದ ಜಾಗ ಬಿಟ್ಟು, ಲಾರಿ ಅಚ್ಚುಕಟ್ಟಾಗಿ ನಿಂತಿತ್ತು. ಅಂಥ ಪಾರ್ಕಿಂಗು ಆ ತಾಲೂಕಿನಲ್ಲಿ ಯಾರೂ ನೋಡಿರಲಿಲ್ಲ. ಮನೆಮಂದಿಯೆಲ್ಲ ತಮಾಷೆ ನೋಡಲು ಬೀದಿಗೆ ಬಂದಿದ್ದರಿಂದ ಒಳಗೆ ಯಾರೂ ಇರಲಿಲ್ಲ.

ಧೂಳು ಇಳಿದ ಮೇಲೆ ಮೊದಲು ಮಾತು ಬಂದದ್ದು ಜಗದೇವಪ್ಪನಿಗೆ. “ಆ ನಿನ್ನ ಕ್ಲೀನರಗ ಇಷ್ಟು ದೊಡ್ಡ ಮನಿ ಕಾಣಲಿಲ್ಲೇನು?” ಎಂದು ಭೀಮಶಾನ ಅಂಗಿ ಹಿಡಿದರು.

“ಅಂವ ಇದ್ದಾಗ ನಿಮ್ಮ ಮನಿ ಎಲ್ಲಿತ್ರಿ?” ಎಂದ ಭೀಮಶಾ. “ಇದು ಬಯಲು. ನಾವು ಲಾರಿ ಇಲ್ಲೇ ನಿಲ್ಲಿಸಿ ಮಲಗ್ತಿದ್ವಿ. ಅಂವನ ಕಣ್ಣಿಗೆ ನಿಮ್ಮ ಮನೀನಽ ದೆವ್ವ, ಜಗದೇವಪ್ಪನೋರ.”

ಜಗದೇವಪ್ಪ ಅಂಗಿ ಬಿಟ್ಟು ತಮ್ಮ ಮನೆಯನ್ನು ನೋಡಿದರು. ಒಂದು ಕ್ಷಣ ಅವರಿಗೂ ಅದು ಇದೆಯೋ ಇಲ್ಲವೋ ಅನುಮಾನವಾದಂತಿತ್ತು.

ಸಂಜುಕುಮಾರ ಕಟರು ಹಿಡಿದು ಒಳಗೆ ಹೋಗಿ, ತಲೆಯೆತ್ತಿ ಸ್ಲ್ಯಾಬು ನೋಡಿ, ಬಂದಷ್ಟೇ ವೇಗದಲ್ಲಿ ಹೊರಬಂದ. ಮುಂದಿನ ಗೋಡೆ, ಕಂಬ ಎರಡೂ ಹೋಗಿದ್ದವು. ಸ್ಲ್ಯಾಬಿನ ಅರ್ಧಭಾಗ ಈಗ ಲಾರಿಯ ತಲೆಯ ಮೇಲೆ ಕೂತಿತ್ತು.

“ಇದನ್ನ ಕೊಯ್ಯಾಂಗಿಲ್ರಿ, ಎಳ್ಯಾಂಗೂ ಇಲ್ಲ,” ಎಂದ. “ಇನ್ನ ಮುಂದ ಇದಽ ಕಂಬ.”

ಶಿವಕಾಂತಾ ಹೇಳಿದ್ದು ಹೇಳಿದಂತೆ ನಡೆದಿತ್ತು. ಲಾರಿ ಹೊತ್ತು ಮುಳುಗುವುದರೊಳಗೆ, ತನ್ನ ಗಾಲಿಯ ಮೇಲೆ ತಾನು ಗೇಟು ದಾಟಿತ್ತು. ಅಂಗಳ ಖಾಲಿಯಾಗಿತ್ತು. ಆದರೆ ಖಾಲಿಯಾಗಿ ಉಳಿದದ್ದು ಜಗದೇವಪ್ಪನ ಹೆಂಡತಿ, ಇಬ್ಬರು ಸೊಸೆಯರು, ಮೊಮ್ಮಕ್ಕಳು, ಎರಡು ಎಮ್ಮೆ, ಅಕ್ಕಿಯ ಚೀಲ, ಹಾಸಿಗೆ ಸುರುಳಿಗಳೊಂದಿಗೆ ಗೇಟು ದಾಟಿ ಒಳಗೆ ಬರುವ ತನಕ ಮಾತ್ರ. “ಮನಿ ರಿಪೇರಿ ಆಗೂತನಕ ಇಲ್ಲೇ ಇರ್ತೀವಿ,” ಎಂದು ಜಗದೇವಪ್ಪ ಗುರುಲಿಂಗನ ಹೊರಸಿನ ಮೇಲೆ ಕಾಲು ಚಾಚಿದರು. “ಎಷ್ಟು ವರ್ಷಾದ್ರೂ ಚಿಂತಿಲ್ಲ, ಗುರು. ನಾ ತ್ರಾಸ ಮಾಡ್ಕೊಳ್ಳಾಂವಲ್ಲ.” ಪೆಂಡಾಲದವನು ಎಮ್ಮೆಗಳ ಸುತ್ತ ಟೇಪು ಎಳೆಯುತ್ತ, ಬೀಗರನ್ನು ಎಲ್ಲಿ ಕೂರಿಸುವುದೆಂದು ಮತ್ತೆ ಕೇಳತೊಡಗಿದ.

ಕತ್ತಲಾಗುವ ಮುಂಚಿನ ಬೂದಿ ಬೆಳಕಿನಲ್ಲಿ ಗುರುಲಿಂಗ ಒಬ್ಬನೇ ಬೀದಿ ದಾಟಿ ಲಾರಿಯ ಬಳಿ ಹೋದ. ಮುರಿದ ಮನೆಯಿಂದ ಮೂತಿ ಹೊರಗೆ ಚಾಚಿಕೊಂಡು ಅದು ಬಿಲದಲ್ಲಿ ಕೂತ ಪ್ರಾಣಿಯಂತೆ ಕಾಣುತ್ತಿತ್ತು. ಓಡದಿದ್ದರೂ ಸರಿ, ತನ್ನ ಸೀಟು ತನಗುಂಟು, ಸ್ವಲ್ಪ ಹೊತ್ತು ಕೂತು ಬರೋಣ ಎಂದುಕೊಂಡು ಬಲಗಡೆಯ ಬಾಗಿಲಿಗೆ ಕೈ ಹಾಕಿದ. ಬರಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ಗಾಜಿನ ಆಚೆ ಬೀಡಿಯ ಕೆಂಡವೊಂದು ಹೊತ್ತಿ, ಆರಿ, ಮತ್ತೆ ಹೊತ್ತಿತು. ಸ್ಟೇರಿಂಗು ತಾನಾಗಿಯೇ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡುತ್ತಿತ್ತು, ಸೊಲ್ಲಾಪುರದ ದಾರಿಯಲ್ಲಿ ಹೋಗುತ್ತಿರುವಂತೆ.

“ಮಾಳಿಂಗಣ್ಣಾ,” ಎಂದ ಗುರುಲಿಂಗ, ತೀರ ಮೆಲ್ಲಗೆ. “ನನಗೂ ಒಮ್ಮೆ ಕೊಡ್ತಿಯೇನು?”

ಒಳಗೆ ಯಾರೋ ಮೀಸೆಯಲ್ಲೇ ನಕ್ಕ ಸದ್ದಾಯಿತು.

“ನಾಳೆ,” ಎಂದಿತು ನೀರು ತುಂಬಿದ ದನಿ. “ಹೋಗ್ಲೇ, ಮೊದಲು ಒಂದು ಚಾ ತಗೊಂಡ್ ಬಾ.”

ಗುರುಲಿಂಗ ಬೀದಿ ದಾಟಿ, ಎಮ್ಮೆಗಳ ನಡುವೆ ದಾರಿ ಮಾಡಿಕೊಂಡು, ಅಡುಗೆಮನೆಯ ಬಾಗಿಲಿಗೆ ಹೋದ. ಜಗದೇವಪ್ಪನ ಸೊಸೆಯರ ನಡುವೆ ಸ್ಟವ್ ಮುಂದೆ ಕೂತಿದ್ದ ಶಿವಕಾಂತಾ ತಲೆಯೆತ್ತಿದಳು.

“ಮತ್ತೊಂದು ಚಾ ಬೇಕಾಗಿತ್ತು.”

“ಯಾರಿಗ್ರಿ?”

“ಡ್ರೈವರ್ ಸಾಹೇಬ್ರಿಗೆ,” ಎಂದ ಗುರುಲಿಂಗ.